ಯಾರಿಂದ ಕಸಿದ ಗಿಡ?

ಅಕ್ಕ: ಕಸಿ ಗಿಡ ರೀ ಇದು. ಕಸಿ. ಎಷ್ಟು ಸಲ ಹೇಳಲಿ?

ಭಾವ: ನಾನೂ ಅದನ್ನೇ ಕೇಳ್ತಿರೋದು. ಯಾರಿಂದ ಕಸಿದದ್ದು?

ಅಕ್ಕ: ಯಾರಿಂದಲೂ ಕಸಿದಿಲ್ಲ. ಸಸಿ ಮಾರೋಳ ಹತ್ರ ತಂದದ್ದು.

ಭಾವ: ಅವಳ ಕೈಯಿಂದ ಕಸಿದ್ಯಾ?

ಅಕ್ಕ: ದುಡ್ಡು ಕೊಟ್ಟು ತಂದೆ. ಕಸಿ ಮಾಡೋದು ಅಂದ್ರೆ ಒಂದು ಗಿಡದ ತಲೆ ಕತ್ತರಿಸಿ ಇನ್ನೊಂದು ಗಿಡದ ಬುಡದ ಮೇಲೆ ಕೂರಿಸೋದು. ಇದರ ತಲೆ ಟೊಮೇಟೊ, ಬುಡ ಬದನೆ.

ಭಾವ: ಹಾಗಾದ್ರೆ ಬದನೆಗೆ ಮೊದಲು ಇದ್ದ ತಲೆ ಎಲ್ಲಿ ಹೋಯ್ತು?

ಅಕ್ಕ: ಎಲ್ಲಿಗೆ ಹೋಗುತ್ತೆ, ತೆಗೆದು ಬಿಸಾಕಿರ್ತಾರೆ.

ಭಾವ: ನೋಡಿದ್ಯಾ, ಕಸಿದೇ ಇದ್ದಾರೆ. ಅದೂ ಪಾಪದ ಬದನೆಯಿಂದ.

ಭಾವನಿಗೆ ಬದನೆಕಾಯಿ ಅಂದರೆ ಪ್ರಾಣ. ಎಳೆಯದನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಸವರಿ ಕೊಟ್ಟರೆ ಆ ಹೊತ್ತು ಅವರ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ. ಟೊಮೇಟೊ ಅಂದರೆ ಅಷ್ಟಕ್ಕಷ್ಟೆ. ಅಕ್ಕನಿಗೆ ಟೊಮೇಟೊ ಬೇಕು. ಈ ಜಗಳಕ್ಕೆ ಅದು ಕಾರಣವಲ್ಲ, ಆದರೆ ಒಗ್ಗರಣೆ ಅಂತೂ ಹೌದು.

ಕಾರಣ ಹಿತ್ತಿಲು. ಅಡುಗೆಮನೆಯ ಬಾಗಿಲಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಎರಡು ಚಾಪೆ ಹಾಸುವಷ್ಟು ಮಣ್ಣು ಇದೆ. ಭಾವ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಅದರ ಪಕ್ಕ ನಾನು. ಕಾಜ ಹಾಕುವುದು, ಗುಂಡಿ ಹೊಲಿಯುವುದು ನನ್ನ ಪಾಲಿನ ಕೆಲಸ. ಇಸ್ತ್ರಿ ಹಾಕುವುದಕ್ಕೆ ಜಾಗವಿಲ್ಲದೆ ಭಾವ ಊಟದ ಮೇಜಿನ ಮೇಲೇ ಇಸ್ತ್ರಿ ಹಾಕುತ್ತಾರೆ. ಒಮ್ಮೆ ಯಾರದೋ ಕೋಟಿನ ಬೆನ್ನಿಗೆ ತಟ್ಟೆಯಷ್ಟೇ ದುಂಡಗಿನ ಎಣ್ಣೆ ಕಲೆ ಬಿದ್ದು, ಅವರು ಕೋಟನ್ನು ಇಲ್ಲೇ ಬಿಟ್ಟು ಹೋದರು. ಅಂದಿನಿಂದ ಭಾವನದು ಒಂದೇ ಮಾತು. ಹಿತ್ತಿಲಿಗೆ ಸಿಮೆಂಟು ಬಳಿಸಿ ಮೇಲೊಂದು ತಗಡು ಹೊದಿಸಿದರೆ ಇಸ್ತ್ರಿಗೊಂದು ಮೇಜು ಅಲ್ಲಿ ಹಾಕಬಹುದು.

ಅಕ್ಕ ಒಪ್ಪುವುದಿಲ್ಲ. ಮನೆಯೊಳಗೆಲ್ಲ ಬಟ್ಟೆ, ದಾರ, ಇಸ್ತ್ರಿಯ ಬಿಸಿ. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರೆ ಅಂಗಾಲಿಗೆ ತಣ್ಣಗೆ ಸಿಗುವುದು ಆ ಮಣ್ಣು ಒಂದೇ. ಆದರೆ ಆ ಮಣ್ಣಿನಲ್ಲಿ ಏನೋ ರೋಗ ಸೇರಿಕೊಂಡಿತ್ತು. ಅವಳು ಪ್ರತಿ ವರ್ಷ ಟೊಮೇಟೊ ನೆಡುತ್ತಿದ್ದಳು. ಬೆಳಗ್ಗೆ ಗರಿಗರಿಯಾಗಿ ನಿಂತ ಗಿಡ ಸಂಜೆಯ ಹೊತ್ತಿಗೆ ಹಿಂಡಿದ ಬಟ್ಟೆಯ ಹಾಗೆ ಜೋತು ಬೀಳುತ್ತಿತ್ತು. ಸಸಿ ಮಾರುವವಳು ಹೇಳಿದಳಂತೆ, ಆ ರೋಗ ಟೊಮೇಟೊ ಬೇರಿಗೆ ಬೇಗ ಹತ್ತುತ್ತದೆ, ಈ ಬದನೆಯ ಬೇರು ತಡೆದುಕೊಳ್ಳುತ್ತದೆ, ಅದಕ್ಕೇ ಕಸಿ ಗಿಡ ಹಾಕು ಎಂದು.

ಕೊನೆಗೆ ಗಂಡ ಹೆಂಡಿರಿಬ್ಬರೂ ಒಂದು ಮಾತಿಗೆ ಬಂದರು. ಸಾಕ್ಷಿಗೆ ನಾನು, ಮತ್ತೆ ಗಾರೆ ಕೆಲಸದ ಮೇಸ್ತ್ರಿ. ಭಾವ ಎದ್ದು ನಿಂತು, ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಸರಿಮಾಡಿಕೊಂಡು ಹೇಳಿದರು.

ಭಾವ: ಈ ಗಿಡ ಸತ್ರೆ ಸಿಮೆಂಟು. ಇದರಲ್ಲಿ ಒಂದೇ ಒಂದು ಹಣ್ಣು ಬಿಟ್ರೆ ಮಣ್ಣು ನಿಂದು. ನಾನು ಮತ್ತೆ ಬಾಯಿ ಬಿಡಲ್ಲ.

ಅಕ್ಕ: ಮಧ್ಯದಲ್ಲಿ ಯಾರೂ ಅದರಿಂದ ಏನೂ ಕೀಳೋ ಹಾಗಿಲ್ಲ. ಕಿತ್ತವರು ಸೋತ ಹಾಗೆ.

ಭಾವ: ಸತ್ತ ಗಿಡದಿಂದ ನಾನೇನು ಕೀಳಲಿ? ಒಪ್ಪಿದೆ.

ಹಿಂದಿನ ವರ್ಷಗಳ ಗಿಡಗಳನ್ನೆಲ್ಲ ನೋಡಿದ್ದ ಮೇಸ್ತ್ರಿ ಅವತ್ತೇ ಎರಡು ಮೂಟೆ ಸಿಮೆಂಟು ತಂದು ಮೆಟ್ಟಿಲ ಕೆಳಗೆ ಇಟ್ಟು ಹೋದ.

ನೆಡುವ ದಿನವೇ ಎಡವಟ್ಟಾಯಿತು. ಅಕ್ಕ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಅಗೆಯುತ್ತಿದ್ದಳು. ಭಾವ ಮುಂದಿನ ಕೋಣೆಯಲ್ಲಿ ಅಂಗಿಯೊಂದನ್ನು ಹೊಲಿದು ನನ್ನ ಕಡೆ ತಳ್ಳುತ್ತಿದ್ದರು. ನಡುವೆ ಅಡುಗೆಮನೆ. ಭಾವ ತಲೆ ಎತ್ತದೆ ಉತ್ತರ ಕೊಡುವ ಜನ.

ಅಕ್ಕ: ಗುಂಡಿ ಒಂದು ಸಾಕಾ?

ಭಾವ: ಒಂದು ಎಲ್ಲಿಗೆ ಸಾಕು? ಎದೆಗೆ ಐದು ಬೇಕು, ಕೈಗೆ ಎರಡು.

ಅಕ್ಕ: ಇರೋದು ಒಂದೇ ಅಲ್ವಾ?

ಭಾವ: ಒಂದೇ ಇದ್ರೂ ಗುಂಡಿ ಏಳು ಬೇಕು. ಕಮ್ಮಿ ಆದ್ರೆ ಗಾಳಿಗೆ ಬಿಚ್ಚಿಕೊಳ್ಳುತ್ತೆ.

ಅಕ್ಕ: ಆಳ ಎಷ್ಟಿರ್ಲಿ?

ಭಾವ: ಆಳ ಯಾಕೆ? ತಳದಲ್ಲಿ ನಾಲ್ಕು ತೂತು ಇದ್ರೆ ಆಯ್ತು.

ನಾನು ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದೆ, ಮಾತಾಡುವ ಹಾಗಿರಲಿಲ್ಲ. ಸೂಜಿ ತೆಗೆದು ಹೊರಗೆ ಹೋಗಿ ನೋಡುವಷ್ಟರಲ್ಲಿ ಅಕ್ಕ ಸಾಲಾಗಿ ಐದು, ಆಚೆ ಈಚೆ ಒಂದೊಂದು, ಒಟ್ಟು ಏಳು ಗುಂಡಿ ತೋಡಿ, ಪ್ರತಿಯೊಂದರ ತಳಕ್ಕೂ ಕಡ್ಡಿಯಿಂದ ನಾಲ್ಕು ನಾಲ್ಕು ತೂತು ಚುಚ್ಚುತ್ತಿದ್ದಳು. ಅದೇ ಹೊತ್ತಿಗೆ ಬಂದ ಮೇಸ್ತ್ರಿ ಬೇಲಿಯ ಮೇಲಿಂದ ಇಣುಕಿದ.

ಮೇಸ್ತ್ರಿ: ಅಮ್ಮ, ಕಂಬ ನಿಲ್ಲಿಸ್ತಿದ್ದೀರಾ? ನನಗೊಂದು ಮಾತು ಹೇಳಬಾರ್ದಾ?

ಅಕ್ಕ: ಗಿಡಕ್ಕೆ. ಇವರು ಹೇಳಿದ್ದು.

ಮೇಸ್ತ್ರಿ: ಒಂದು ಗಿಡಕ್ಕೆ ಏಳು ಗುಂಡಿಯಾ? ಗಿಡಕ್ಕೆ ಅಂಗಿ ತೊಡಿಸ್ತೀರಾ?

ಅವನು ತಮಾಷೆಗೆ ಅಂದದ್ದು. ನಿಜವಾಗಿ ನಡೆದದ್ದೂ ಅದೇ ಎಂದು ನಾನು ಬಿಡಿಸಿ ಹೇಳಬೇಕಾಯಿತು. ಅಕ್ಕ ಆರು ಗುಂಡಿಗಳನ್ನು ಮುಚ್ಚಿದಳು. ಮುಚ್ಚುವಾಗ ಏನು ಗೊಣಗಿದಳೋ ಅದು ಮಣ್ಣಿಗೆ ಮಾತ್ರ ಗೊತ್ತು.

ಆಮೇಲೆ ಗಂಟಿನ ಜಗಳ ಹುಟ್ಟಿತು. ತಲೆಯೂ ಬುಡವೂ ಕೂಡಿದ ಕಡೆ ಗಿಡಕ್ಕೊಂದು ಗಂಟು ಇತ್ತು. ಆ ಗಂಟು ಮಣ್ಣಿನ ಮೇಲೇ ಇರಬೇಕು, ಒಳಗೆ ಹೋದರೆ ಟೊಮೇಟೊ ತನ್ನದೇ ಬೇರು ಬಿಟ್ಟು ಮತ್ತೆ ಹಳೆಯ ರೋಗಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಸಸಿ ಮಾರುವವಳು ಎರಡೆರಡು ಸಲ ಹೇಳಿ ಕಳಿಸಿದ್ದಳು. ಗಂಟಿನ ಕೆಳಗಿಂದ ಏನು ಚಿಗುರಿದರೂ ಅದು ಬದನೆಯದು, ಆಗಿಂದಾಗ ಕತ್ತರಿಸು ಎಂದೂ ಹೇಳಿದ್ದಳು. ಅಕ್ಕ ಇವೆರಡನ್ನೂ ಪಾಠ ಒಪ್ಪಿಸುವ ಹಾಗೆ ನಮಗೆ ಒಪ್ಪಿಸಿದ್ದಳು. ಆದರೂ ಪ್ರತಿ ದಿನ ಬೆಳಗ್ಗೆ ನೋಡಿದರೆ ಗಂಟು ಮಣ್ಣಿನೊಳಗೆ.

ಅಕ್ಕ: ಗಂಟಿನ ಮೇಲೆ ಮಣ್ಣು ಹಾಕಿದ್ದು ಯಾರು?

ಭಾವ: ನಾನೇ. ಕಣ್ಣಿಗೆ ಹಿಂಸೆ ಆಗ್ತಿತ್ತು.

ಅಕ್ಕ: ಗಿಡದ ಗಂಟು ನಿಮ್ಮ ಕಣ್ಣಿಗೆ ಏನು ಮಾಡ್ತು?

ಭಾವ: ಯಾವ ದರ್ಜಿ ಗಂಟನ್ನ ಹೊರಗೆ ಕಾಣೋ ಹಾಗೆ ಬಿಡ್ತಾನೆ? ಗಂಟು ಯಾವತ್ತೂ ಒಳಗಡೆ. ಬಂದೋರೆಲ್ಲ ನೋಡ್ತಾರೆ, ದರ್ಜಿ ಮನೆಯಲ್ಲಿ ಹೊಲಿಗೆ ಎಂಥದ್ದಿದೆ ಅಂತ.

ಅಕ್ಕ: ಇದು ನೀವು ಹೊಲಿದದ್ದಲ್ಲ.

ಭಾವ: ಅದು ಅವರಿಗೆ ಗೊತ್ತಿರುತ್ತಾ?

ಅಕ್ಕ ಮಣ್ಣು ಸರಿಸುತ್ತಿದ್ದಳು, ಭಾವ ಕೈ ತೊಳೆಯಲು ಹೋದಾಗ ಕಾಲಲ್ಲಿ ಒಂದಿಷ್ಟು ನೂಕುತ್ತಿದ್ದರು. ಬೇಕೆಂದು ಮಾಡುವ ಮೋಸವಲ್ಲ ಅದು. ಬಿಚ್ಚಿಕೊಂಡ ದಾರ ಕಂಡರೆ ಬೇರೆಯವರ ತೋಳಿನ ಮೇಲಿದ್ದರೂ ಹಿಡಿದು ಕಚ್ಚುವ ಮನುಷ್ಯ ಅವರು. ಕಡೆಗೆ ಅಕ್ಕ ಗಿಡದ ಸುತ್ತ ಹಳೆಯ ಡಬ್ಬದ ತಗಡನ್ನು ಬಳೆಯ ಹಾಗೆ ನಿಲ್ಲಿಸಿದಳು. ಹೊರಗಿನಿಂದ ಗಂಟು ಕಾಣುವುದಿಲ್ಲ, ಒಳಗೆ ಮಣ್ಣು ತಾಗುವುದಿಲ್ಲ. ಭಾವ ಬಗ್ಗಿ ನೋಡಿ, ಈಗ ಕಾಲರು ಸರಿಯಾಗಿ ಕೂತಿತು ಎಂದರು.

ಗಿಡ ಬೆಳೆಯಿತು. ಎತ್ತರವಾದ ಮೇಲೆ ಕೋಲು ಕೊಟ್ಟು ಕಟ್ಟಬೇಕು. ಅಕ್ಕ ಮನೆಯಲ್ಲಿಲ್ಲದ ಹೊತ್ತು ಭಾವ ತಾವೇ ಆ ಕೆಲಸ ಮಾಡಿದರು. ದಾರ ಬಿಗಿದರೆ ಕಾಂಡಕ್ಕೆ ನೋವಾಗುತ್ತದೆ ಎಂದು ಪಾಯಿಜಾಮಕ್ಕೆ ಹಾಕುವ ಇಲಾಸ್ಟಿಕ್ಕಿನಿಂದ ಕಟ್ಟಿದರು.

ಅಕ್ಕ: ಇದೇನ್ರೀ?

ಭಾವ: ಸೊಂಟ. ಊಟ ಮಾಡಿದಾಗ ಹಿಗ್ಗುತ್ತೆ, ಖಾಲಿ ಇದ್ದಾಗ ಕುಗ್ಗುತ್ತೆ. ಗಿಡ ಉಸಿರಾಡ್ಲಿ.

ಅಕ್ಕ: ಗಿಡ ಊಟಕ್ಕೆ ಕೂರುತ್ತಾ?

ಭಾವ: ನೀರು ಕುಡಿಯಲ್ವಾ?

ಗಾಳಿ ಬಂದರೆ ಗಿಡ ಮೇಲೆ ಕೆಳಗೆ ಆಡುತ್ತಿತ್ತು. ನೋಡುವುದಕ್ಕೇನೋ ಚೆನ್ನಾಗಿತ್ತು. ಆದರೆ ದಿನ ಕಳೆದ ಹಾಗೆ, ಹಳೆಯ ಪಾಯಿಜಾಮಕ್ಕೆ ಆಗುವುದೇ ಅದಕ್ಕೂ ಆಯಿತು. ಇಲಾಸ್ಟಿಕ್ಕು ಸಡಿಲವಾಗಿ, ಟೊಮೇಟೊ ಕೊಂಬೆ ಬಾಗಿ ಬಾಗಿ ನೆಲ ಮುಟ್ಟಿತು. ಅದರ ಭಾರ ಇಳಿದದ್ದೇ ತಡ, ಗಂಟಿನ ಕೆಳಗಿಂದ ಬೇರೊಂದು ಚಿಗುರು ಎದ್ದಿತು. ಅಗಲ ಎಲೆ, ದಪ್ಪ ಕಾಂಡ, ಸೈನಿಕನ ಹಾಗೆ ನೆಟ್ಟಗೆ. ಅಕ್ಕ ಬೆಳಗ್ಗೆ ಅದನ್ನು ಕಂಡಳು. ಆಗ ಅವಳ ಎರಡು ಕೈಯೂ ಹಿಟ್ಟಿನಲ್ಲಿದ್ದವು. ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಮುಂದಿನ ಕೋಣೆಯಲ್ಲಿ ಮಿಷನ್ನು ಓಡುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಭಾವ ಕತ್ತರಿ ಹಿಡಿದು ಹಿತ್ತಿಲಿಗೆ ಹೋದರು. ನಗುತ್ತಾ ಬಂದರು.

ಭಾವ: ಆಯ್ತು. ನೀನು ಹೇಳಿದ ಹಾಗೇ ಮಾಡ್ದೆ. ಒಂದೇ ಏಟಿಗೆ, ಎಳೆ ಬಿಡದ ಹಾಗೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ನೋಡಿದಳು. ಸೈನಿಕ ನೆಟ್ಟಗೆ ನಿಂತಿದ್ದ. ಟೊಮೇಟೊ ಕೊಂಬೆ ಭಾವನ ಎಡಗೈಯಲ್ಲಿತ್ತು.

ಅಕ್ಕ: ನಾನು ಏನು ಹೇಳ್ದೆ?

ಭಾವ: ಕೆಳಗೆ ಬಂದಿರೋದನ್ನ ಕತ್ತರಿಸಿ ಅಂದೆ. ಇದು ಕೆಳಗೆ ಬಂದಿತ್ತು. ನೆಲಕ್ಕೇ ಬಂದಿತ್ತು.

ಅಕ್ಕ: ಕೆಳಗಿಂದ ಬಂದಿರೋದು ಅಂದೆ. ಕೆಳಗಿಂದ.

ಭಾವ: ಕೆಳಗಿಂದ ಬಂದದ್ದು ಮೇಲೆ ನಿಂತಿದೆಯಲ್ಲೇ. ಮೇಲಿದ್ದದ್ದು ಕೆಳಗೆ ಬಂದಿದೆ. ನಾನು ಯಾವುದನ್ನ ನಂಬಲಿ?

ಅಕ್ಕ ಕೊಂಬೆಯ ಕತ್ತರಿಸಿದ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು, ಸಿಮೆಂಟು ಬೇಕಾಗಿತ್ತು ಅಂತ ಬೇಕಂತಲೇ ಮಾಡಿದ್ರಾ ಎಂದು. ಭಾವನ ಮುಖ ಚಿಕ್ಕದಾಯಿತು. ದರ್ಜಿ ಬೇರೆ ಏನು ಬೇಕಾದರೂ ಮಾಡಿಯಾನು, ಬೇಕಂತ ತಪ್ಪು ಕತ್ತರಿಸುವುದಿಲ್ಲ ಎಂದು ಹೇಳಿ, ಕೊಂಬೆಯನ್ನು ಕೈಯಲ್ಲೇ ಹಿಡಿದುಕೊಂಡು ಮುಂದಿನ ಕೋಣೆಗೆ ಹೋಗಿ ಕೂತರು. ಆ ದಿನವೆಲ್ಲ ಮಿಷನ್ನು ಓಡಲಿಲ್ಲ.

ಸುದ್ದಿ ಕೇಳಿ ಮೇಸ್ತ್ರಿ ಬಂದ, ಗಾರೆ ಬಳಿಯುವ ಕರಣೆ ಸಮೇತ.

ಮೇಸ್ತ್ರಿ: ಇನ್ನೇನಮ್ಮ, ಕಲೆಸಲಾ?

ಅಕ್ಕ: ಗಿಡ ಸತ್ತಿದ್ಯಾ?

ಮೇಸ್ತ್ರಿ: ಇಲ್ಲ. ನನಗಿಂತ ಗಟ್ಟಿಯಾಗಿದೆ.

ಅಕ್ಕ: ಹಾಗಾದ್ರೆ ಕಾಫಿ ಕುಡಿದು ಹೊರಡಿ.

ಗಿಡ ಸಾಯಲಿಲ್ಲ, ಟೊಮೇಟೊ ಬಿಡುವ ಹಾಗೂ ಇರಲಿಲ್ಲ. ಗಂಡ ಹೆಂಡಿರು ಅದರ ಬಗ್ಗೆ ಮಾತು ಬಿಟ್ಟರು. ಭಾವ ಮುಂದಿನ ಕೋಣೆಯ ಕಿಟಕಿಗೆ ಪರದೆ ಎಳೆದರು. ಬಿಸಿಲಿಗೆ ಗಿರಾಕಿಗಳ ಬಟ್ಟೆ ಬಣ್ಣ ಬಿಡುತ್ತದೆಯಂತೆ. ಸೂಜಿಗೆ ದಾರ ಪೋಣಿಸಲು ಬೆಳಕಿಲ್ಲ ಎಂದು ನಾನು ಹೇಳಿದ್ದಕ್ಕೆ, ತಲೆಯ ಮೇಲೆ ಒಂದು ಬಲ್ಬು ಹಾಕಿಸಿಕೊಟ್ಟರು. ಅವರಿಗೆ ಬಾಯಾರಿಕೆಯೂ ಜಾಸ್ತಿಯಾಗಿತ್ತು. ಚೊಂಬುಗಟ್ಟಲೆ ನೀರು ಒಳಗೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಹಿತ್ತಿಲಿನ ಗಿಡದಲ್ಲಿ ನೇರಳೆ ಬಣ್ಣದ ಹೂವು ಅರಳಿತು. ಮೊದಲು ಕಂಡವರು ಭಾವ.

ಭಾವ: ಬದನೆ ಕಣೇ! ಬದನೆ ಹೂ ಬಿಟ್ಟಿದೆ.

ಅಕ್ಕ: ಕಂಡೆ.

ಭಾವ: ಪಾಪ, ಅದರ ತಲೆ ಅದಕ್ಕೆ ವಾಪಸ್ ಸಿಕ್ತು.

ಅಂದಿನಿಂದ ಗಿಡಕ್ಕೆ ನೀರು ಹಾಕುವವರು ಭಾವನೇ. ಇಲಾಸ್ಟಿಕ್ಕು ತೆಗೆದು ಒಳ್ಳೆಯ ನಾಡಾ, ಅಂದರೆ ಹಿಗ್ಗದ ಲಾಡಿ, ಕಟ್ಟಿದರು. ಹೂವು ಉದುರಿ ಬೆರಳ ತುದಿಯಷ್ಟು ಕಾಯಿ ಕೂತಿತು. ಅಕ್ಕ ಮಿಕ್ಕ ಹೂವುಗಳನ್ನೆಲ್ಲ ಚಿವುಟಿ ಹಾಕಿದಳು. ಭಾವ ಎದೆ ಹಿಡಿದುಕೊಂಡು ಏಕೆ ಎಂದು ಕೇಳಿದ್ದಕ್ಕೆ, ಶಕ್ತಿಯೆಲ್ಲ ಅದೊಂದಕ್ಕೇ ಹೋಗಲಿ ಎಂದಳು. ಹೂವು ಕೀಳುವುದು ಕೀಳುವುದಲ್ಲವೇ ಎಂದು ಭಾವ ತಕರಾರು ತೆಗೆದರು. ಹಾಗಾದರೆ ಅವತ್ತು ನೀವು ಕೊಂಬೆಯನ್ನೇ ಕತ್ತರಿಸಿದ್ದು ಏನು ಎಂದು ಅವಳು ಕೇಳಿದ ಮೇಲೆ ಆ ತಕರಾರು ಅಲ್ಲೇ ಮುಗಿಯಿತು.

ಕಾಯಿ ಬೆಳೆಯಿತು. ಹೊಳೆಯುವ ಮೈ, ಎಳೆ ತೊಟ್ಟು. ಭಾವ ಟೇಪು ಹಿಡಿದು ಅದರ ಸೊಂಟ ಅಳೆದರು. ಒಂದು ಮಧ್ಯಾಹ್ನ ಒಲೆಯಲ್ಲಿ ಕೆಂಡವನ್ನೂ ಮಾಡಿ, ಉಪ್ಪಿನ ಡಬ್ಬಿ ಹತ್ತಿರವಿಟ್ಟುಕೊಂಡು ಹಿತ್ತಿಲಿಗೆ ಹೋಗಿ ಕೈ ಚಾಚಿದರು.

ಅಕ್ಕ: ಕಿತ್ತವರು ಸೋತ ಹಾಗೆ.

ಭಾವ: ಇನ್ನು ಯಾವ ಸೋಲು ಗೆಲುವು? ಆ ಮಾತು ಟೊಮೇಟೊ ಜೊತೆಗೇ ಹೋಯ್ತು.

ಅಕ್ಕ: ಟೊಮೇಟೊ ಅಂತ ಯಾರಂದ್ರು?

ಭಾವ: ಅನ್ನಲಿಲ್ವಾ?

ಇಬ್ಬರೂ ಒಳಗೆ ಬಂದು ನನ್ನ ಎದುರು ನಿಂತರು. ನಾನು ಅರ್ಧ ಕಾಜದಲ್ಲಿದ್ದೆ. ಅರ್ಧದಲ್ಲಿ ಬಿಟ್ಟರೆ ಎಳೆ ಬಿಚ್ಚಿಕೊಳ್ಳುತ್ತದೆ. ಮುಗಿಸಿ ದಾರ ಕತ್ತರಿಸುವವರೆಗೂ ಅವರನ್ನು ಕಾಯಿಸಿದೆ.

ಭಾವ: ನೀನು ಸಾಕ್ಷಿ. ಹೇಳು. ಒಂದು ಟೊಮೇಟೊ ಬಿಟ್ರೆ ಅಂತ ತಾನೇ ನಾನಂದದ್ದು?

ನಾನು: ಇಲ್ಲ ಭಾವ. ಈ ಗಿಡ ಸತ್ರೆ ಸಿಮೆಂಟು, ಇದರಲ್ಲಿ ಒಂದೇ ಒಂದು ಹಣ್ಣು ಬಿಟ್ರೆ ಮಣ್ಣು ನಿಂದು, ನಾನು ಮತ್ತೆ ಬಾಯಿ ಬಿಡಲ್ಲ ಅಂದ್ರಿ. ಟೊಮೇಟೊ ಅನ್ನೋ ಮಾತು ಬರಲಿಲ್ಲ.

ಭಾವ: ಹಣ್ಣು ಅಂದ್ರೇನು ಮತ್ತೆ? ಟೊಮೇಟೊ ಹಣ್ಣು. ಇದು ಬದನೆಕಾಯಿ. ಕಾಯಿ. ಹೆಸರಲ್ಲೇ ಕಾಯಿ ಇದೆ. ಹುಟ್ಟಿದಾಗಿಂದ ಕಾಯಿ. ಸಂತೆಗೆ ಹೋಗಿ ಬದನೆಹಣ್ಣು ಕೊಡಿ ಅಂತ ಕೇಳು, ನಗ್ತಾರೆ.

ಅಕ್ಕ: ಇವತ್ತು ಕಾಯಿ.

ಭಾವ ತಿರುಗಿ ಹಿತ್ತಿಲ ಕಡೆ ನೋಡಿದರು. ಅವಳ ಲೆಕ್ಕಾಚಾರ ಆಗ ಅವರ ತಲೆಗೆ ಹೋಯಿತು. ಬದನೆಯನ್ನು ಗಿಡದಲ್ಲೇ ಬಿಟ್ಟರೆ ದಿನ ಕಳೆದ ಹಾಗೆ ಬಣ್ಣ ಇಳಿದು, ಹಳದಿಗೆ ತಿರುಗಿ, ಮೆತ್ತಗಾಗಿ ಹಣ್ಣಾಗುತ್ತದೆ. ಬೀಜಕ್ಕೆ ಬಿಡುವವರು ಹಾಗೇ ಬಿಡುತ್ತಾರೆ. ಅದನ್ನು ಬಾಯಿಗಿಡಲು ಆಗುವುದಿಲ್ಲ. ಈಗ ಕಿತ್ತರೆ ತಿನ್ನಬಹುದು, ಹಿತ್ತಿಲು ಹೋಗುತ್ತದೆ. ಕೀಳದಿದ್ದರೆ ಕಾಯಿಯೂ ಹೋಗುತ್ತದೆ, ಹಿತ್ತಿಲೂ ಹೋಗುತ್ತದೆ. ಒಲೆಯಲ್ಲಿ ಕೆಂಡ ಸುಮ್ಮನೆ ಉರಿಯುತ್ತಿತ್ತು.

ಆಮೇಲಿನ ದಿನಗಳಲ್ಲಿ ಭಾವನ ಪಾಡು ಹೇಳತೀರದು. ಬೆಳಗ್ಗೆ ಎದ್ದರೆ ಹಿತ್ತಿಲಿಗೆ ಹೋಗಿ ಕಾಯಿಯ ಮುಂದೆ ಕೂರುವರು. ಎಷ್ಟು ಮುದ್ದಾಗಿತ್ತು, ಈಗ ಸ್ವಲ್ಪ ಬಲಿತಿದೆ, ಈಗಲೂ ತಡವಾಗಿಲ್ಲ ಎಂದು ಯಾರಿಗೋ ಹೇಳುವ ಹಾಗೆ ಗಟ್ಟಿಯಾಗಿ ಹೇಳುವರು. ಬೇರೆ ಬದನೆಕಾಯಿ ಕೊಂಡು ತನ್ನಿ, ಸುಟ್ಟು ಕೊಡುತ್ತೇನೆ ಎಂದು ಅಕ್ಕ ಹೇಳಿದಳು. ಭಾವ ತಂದರು, ತಿಂದರು, ಆದರೆ ಅರ್ಧದಲ್ಲೇ ತಟ್ಟೆ ಸರಿಸಿ, ಇದನ್ನು ನಾನು ಬೆಳೆಸಿದ್ದಲ್ಲವಲ್ಲ ಎಂದರು. ಒಂದು ಸಲ ಅರ್ಧ ಹಿತ್ತಿಲು ಸಾಕು ಎಂದು ರಾಜಿಗೆ ಬಂದರು. ಅರ್ಧ ಕಾಯಿ ಕಿತ್ತುಕೊಳ್ಳಿ, ಅರ್ಧ ಗಿಡದಲ್ಲೇ ಇರಲಿ ಎಂದು ಅಕ್ಕ ಉತ್ತರ ಕೊಟ್ಟಳು.

ಕಾಯಿಯ ಕೆಳಗಿನ ತುದಿಯಲ್ಲಿ ಹಳದಿ ಮೂಡಿತು. ಭಾವ ಅದು ಬಿಸಿಲಿನ ಕಲೆ ಎಂದರು. ಹಳದಿ ಸೊಂಟದವರೆಗೆ ಏರಿತು. ಧೂಳು ಎಂದರು. ತೊಟ್ಟಿನವರೆಗೆ ಏರಿದ ದಿನ ಅಕ್ಕ ಮೇಸ್ತ್ರಿಗೆ ಹೇಳಿ ಕಳಿಸಿದಳು. ಸಿಮೆಂಟು ಕಲೆಸುವುದಕ್ಕೆ ಇರಬೇಕು ಎಂದುಕೊಂಡು ಅವನು ಮತ್ತೆ ಕರಣೆ ತಂದಿದ್ದ.

ಅಕ್ಕ: ಮೇಸ್ತ್ರಿ, ಮುಟ್ಟಿ ನೋಡಿ ಹೇಳಿ. ಇದು ಕಾಯೋ ಹಣ್ಣೋ?

ಭಾವ: ಯೋಚನೆ ಮಾಡಿ ಹೇಳಪ್ಪ. ನಿನ್ನ ಕೆಲಸದ ಮಾತು.

ಮೇಸ್ತ್ರಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ. ಬೆರಳು ಒಳಗೆ ಹೋಗಿ ಗುಳಿ ಬಿತ್ತು. ಗುಳಿಯನ್ನೇ ನೋಡುತ್ತ, ಭಾವನ ಕಡೆ ತಿರುಗದೆ ಹೇಳಿದ.

ಮೇಸ್ತ್ರಿ: ಅಣ್ಣ, ಕಾಯಿ ಅನ್ನಬೇಕು ಅಂತ ನನಗೂ ಆಸೆ. ಆದ್ರೆ ಬೆರಳು ಕೇಳ್ತಿಲ್ಲ. ಇದು ಹಣ್ಣು.

ಭಾವ ಎದ್ದು ನಿಂತರು. ಅವತ್ತಿನ ಹಾಗೇ ಟೇಪನ್ನು ಸರಿಮಾಡಿಕೊಂಡರು. ಮಣ್ಣು ನಿಂದು, ನಾನು ಮತ್ತೆ ಬಾಯಿ ಬಿಡುವುದಿಲ್ಲ ಎಂದರು. ಆಡಿದ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ನಾನು ಮಾತ್ರ ನೋಡಿದೆ, ಅಕ್ಕ ಚಪ್ಪಲಿ ಕಳಚಿ ಎರಡು ಪಾದವನ್ನೂ ಮಣ್ಣಿಗೆ ಒತ್ತಿ ನಿಂತಳು.

ಸಿಮೆಂಟನ್ನಾದರೂ ಹಿಂದಕ್ಕೆ ತೆಗೆದುಕೊಂಡು ಹೋಗುತ್ತೇನೆ ಎಂದು ಮೇಸ್ತ್ರಿ ಮೆಟ್ಟಿಲ ಕೆಳಗೆ ಬಗ್ಗಿದ. ಎತ್ತಲು ನೋಡಿದ, ಕರಣೆಯಿಂದ ತಟ್ಟಿದ. ಠಣ್ ಎಂದಿತು. ಹಣ್ಣಾಗುವುದನ್ನು ಕಾಯುತ್ತ ಕಾಯುತ್ತ ತೇವ ಹಿಡಿದು ಮೂಟೆಗಳೆರಡೂ ಚೀಲದೊಳಗೇ ಕಲ್ಲಾಗಿದ್ದವು.

ಮೇಸ್ತ್ರಿ: ಒಂದು ಮೆತ್ತಗಾಯ್ತು, ಒಂದು ಗಟ್ಟಿಯಾಯ್ತು. ಎರಡೂ ಯಾರಿಗೂ ತಿನ್ನೋಕೆ ಬರಲ್ಲ.

ಆದರೂ ಅವನಿಗೆ ಒಂದು ಉಪಾಯ ಹೊಳೆಯಿತು. ಮೂಟೆಗಳು ನೋಡಲು ಮೋಟು ಕಂಬಗಳ ಹಾಗೆ ಇವೆ. ಮುಂದಿನ ಕೋಣೆಯಲ್ಲೇ ಸ್ವಲ್ಪ ಒತ್ತರಿಸಿ ಎರಡನ್ನೂ ನಿಲ್ಲಿಸಿ, ಮೇಲೊಂದು ಹಲಗೆ ಹಾಕಿದರೆ ಇಸ್ತ್ರಿ ಮೇಜು ಆಯಿತು. ಅಕ್ಕನಿಗೂ ಹಿಡಿಸಿತು. ಊಟದ ಮೇಜು ಊಟಕ್ಕೇ ಸಿಗುತ್ತದೆ. ಭಾವನೂ ತಲೆ ಆಡಿಸಿದರು. ಎಲ್ಲಿ ನಿಲ್ಲಿಸುವುದು ಎಂಬಲ್ಲಿಗೆ ಮಾತು ಬಂದಾಗ ಮಾತ್ರ ತಲೆ ನಿಂತಿತು.

ಅಕ್ಕ: ಕಿಟಕಿ ಕೆಳಗೆ ಇಡಿ. ಗಾಳಿ ಬರುತ್ತೆ.

ಭಾವ: ಕಿಟಕಿ ಹತ್ರ ಬೇಡ.

ಅಕ್ಕ: ಯಾಕೆ?

ಭಾವ: ಬಿಸಿಲು.

ಅಕ್ಕ: ಇಸ್ತ್ರಿ ಪೆಟ್ಟಿಗೆಗೆ ಬಿಸಿಲು ತಾಗಿದ್ರೆ ಬಿಸಿಯಾಗುತ್ತಾ?

ಭಾವ ಪರದೆಗೆ ಬೆನ್ನು ಕೊಟ್ಟು ನಿಂತರು. ಮೇಸ್ತ್ರಿ ತನ್ನ ಕಾಲ ಬೆರಳುಗಳನ್ನು ನೋಡಿಕೊಂಡ. ಅಕ್ಕ ಇಬ್ಬರನ್ನೂ ಒಮ್ಮೆ ನೋಡಿ, ಭಾವನನ್ನು ಪಕ್ಕಕ್ಕೆ ಸರಿಸಿ ಪರದೆ ಎಳೆದಳು. ಕೋಣೆ ತುಂಬ ಬೆಳಕು ಬಿತ್ತು.

ಕಿಟಕಿಯ ಕಟ್ಟೆಯ ಮೇಲೆ ಗಾರೆ ಮೆತ್ತಿದ ಬಕೆಟ್ಟು. ಅದರಲ್ಲಿ ಟೊಮೇಟೊ ಗಿಡ. ಕಿಟಕಿಯ ಸರಳಿಗೆ ಅದನ್ನು ಗಟ್ಟಿ ನಾಡಾದಿಂದ ಕಟ್ಟಲಾಗಿತ್ತು. ಗಂಟು ಎಲ್ಲೂ ಕಾಣುತ್ತಿರಲಿಲ್ಲ. ಎಲೆಗಳ ನಡುವೆ ಒಂದು ಹಣ್ಣು, ಕೆಂಪಗೆ, ಕೆನ್ನೆಯ ಹಾಗೆ.

ಅಕ್ಕ: ಇದು?

ಭಾವ: ಅವತ್ತಿನ ಕೊಂಬೆ. ಕತ್ತರಿಸಿದ ತುಂಡನ್ನ ಬಿಸಾಕೋ ಅಭ್ಯಾಸ ನನಗಿಲ್ಲ, ನಿನಗೇ ಗೊತ್ತು. ಸುಮ್ನೆ ನೀರಲ್ಲಿ ಇಟ್ಟೆ. ಬೇರು ಬಿಡ್ತು.

ಅಕ್ಕ: ಮಣ್ಣು?

ಮೇಸ್ತ್ರಿ: ಅಣ್ಣ ಕೇಳಿದ್ರು. ಪಾಯ ತೋಡಿದ ಕಡೆಯಿಂದ ಒಂದು ಬಕೆಟ್ ಹೊಸ ಮಣ್ಣು ತಂದುಕೊಟ್ಟೆ. ಯಾಕೆ ಅಂತ ಕೇಳಲಿಲ್ಲಮ್ಮ. ಏಳು ಗುಂಡಿ ನೋಡಿದ ಮೇಲೆ ಈ ಮನೆಯಲ್ಲಿ ಯಾಕೆ ಅಂತ ಕೇಳೋದು ಬಿಟ್ಟಿದ್ದೀನಿ.

ಅಕ್ಕ: ನನಗೆ ಯಾಕೆ ಹೇಳಲಿಲ್ಲ?

ಭಾವ: ನಿನಗೆ ಒಂದು ಟೊಮೇಟೊ ತಂದು ತೋರಿಸಬೇಕು ಅಂತ ಇತ್ತು. ತೋರಿಸಿದ್ರೆ ಇದೂ ಅದೇ ಗಿಡ, ಇದೂ ಹಣ್ಣು ಅಂತ ಹಿತ್ತಿಲು ತಗೊಂಡುಬಿಡ್ತೀಯ ಅಂತ ಭಯಾನೂ ಇತ್ತು. ಎರಡರ ನಡುವೆ ಪರದೆ ಎಳೆದೆ.

ಅಕ್ಕ ಬೆರಳ ತುದಿಯಿಂದ ಹಣ್ಣನ್ನು ಮುಟ್ಟಿದಳು. ಎಷ್ಟೋ ವರ್ಷದಿಂದ ಅವಳು ನೆಟ್ಟ ಟೊಮೇಟೊಗಳಲ್ಲಿ ಕೆಂಪಾಗುವವರೆಗೆ ಬದುಕಿದ್ದು ಇದೊಂದೇ. ಅದನ್ನು ಬಕೆಟ್ಟಿನಲ್ಲಿ ನೆಟ್ಟವಳು ಅವಳಲ್ಲ ಎನ್ನುವುದನ್ನು ನಾವು ಯಾರೂ ಆಗ ಎತ್ತಲಿಲ್ಲ. ಅವಳು ಕೀಳಲೂ ಇಲ್ಲ, ಬಯ್ಯಲೂ ಇಲ್ಲ. ಕಿಟಕಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. ಕಟ್ಟೆಯನ್ನು ಗೇಣಿನಿಂದ ಅಳೆದಳು. ಬಿಸಿಲು ಎಲ್ಲಿಯವರೆಗೆ ಬೀಳುತ್ತದೆ ಎಂದು ನೆಲ ನೋಡಿದಳು. ಅವಳು ಹೀಗೆ ನೋಡುವುದನ್ನು ನಾನು ಚಿಕ್ಕಂದಿನಿಂದ ಬಲ್ಲೆ. ನನ್ನ ಕಾಜದ ಪೆಟ್ಟಿಗೆಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಅಕ್ಕ: ಮೇಸ್ತ್ರಿ, ಇಂಥ ಬಕೆಟ್ಟು ಇನ್ನೂ ಇದೆಯಾ?

ಮೇಸ್ತ್ರಿ: ಎಷ್ಟು ಬೇಕಮ್ಮ?

ಅಕ್ಕ: ಕಟ್ಟೆ ತುಂಬೋ ಅಷ್ಟು. ಮಣ್ಣೂ ಅಲ್ಲಿಂದಲೇ ತನ್ನಿ. ರೀ, ಮಿಷನ್ನು ಸ್ವಲ್ಪ ಆ ಕಡೆ ತಳ್ಳಿ. ಇನ್ನೂ ಸ್ವಲ್ಪ. ಗೋಡೆ ಹತ್ರಕ್ಕೆ.

ಭಾವ ಮಿಷನ್ನು ತಳ್ಳಿದರು. ಗೋಡೆಗೂ ಮಿಷನ್ನಿಗೂ ನಡುವೆ ಅವರಿಗೆ ನಿಲ್ಲಲು ಮಾತ್ರ ಜಾಗ ಉಳಿಯಿತು, ಇಸ್ತ್ರಿ ಮೇಜಿಗೆ ಅದೂ ಇಲ್ಲ. ಅಲ್ಲಿ ನಿಂತು ಒಮ್ಮೆ ಹಿತ್ತಿಲ ಕಡೆ ನೋಡಿದರು, ಒಮ್ಮೆ ಕಿಟಕಿಯ ಕಡೆ ನೋಡಿದರು.

ಭಾವ: ಅವತ್ತು ಬಾಯಿಬಿಟ್ಟು ಕೇಳ್ದೆ, ಯಾರಿಂದ ಕಸಿದದ್ದು ಅಂತ. ನೀನು ಸರಿಯಾಗಿ ಉತ್ತರ ಕೊಡಲಿಲ್ಲ.

ಅಕ್ಕ: ಅವತ್ತು ಇನ್ನೂ ಕಸಿದಿರಲಿಲ್ಲ.